ಪೋರ್ಟ್ ವೈನ್ ಟೇಸ್ಟಿಂಗ್: ಎಂಟು ಬಾಟ್ಲಿ ಎದುರಿಗಿಟ್ಕೊಂಡು ಹೋಲಿಸೋದು ಹೇಗೆ?

ಯುಕೆ, ಅಮೆರಿಕ ಕಡೆ ಸೆಟಲ್ ಆಗಿರೋ ನಮ್ಮವರಿಗೆ ಚಳಿಗಾಲ ಶುರುವಾಯ್ತು ಅಂದ್ರೆ ಆಫೀಸಿನವರಿಂದಲೋ ಪಕ್ಕದ ಮನೆಯವರಿಂದಲೋ ಒಂದು ಮೆಸೇಜ್ ಬರೋದುಂಟು. "ಶನಿವಾರ ಸಂಜೆ ಪೋರ್ಟ್ ಟೇಸ್ಟಿಂಗ್, 2000ದ ಹಾರಿಜಾಂಟಲ್, ಬ್ಲೈಂಡ್, ಒಬ್ಬೊಬ್ರು ಒಂದೊಂದು ಬಾಟ್ಲಿ ತನ್ನಿ, ಬೆಳಿಗ್ಗೆನೇ ಡಿಕ್ಯಾಂಟ್ ಮಾಡಿರಿ." ಓದಿದವರಿಗೆ ಶನಿವಾರ ಸಂಜೆ ಅನ್ನೋದು ಬಿಟ್ರೆ ಇನ್ನೇನೂ ಅರ್ಥ ಆಗಲ್ಲ. ಬೆಂಗಳೂರಲ್ಲೂ ಈಗ ವೈನ್ ಗುಂಪುಗಳಿವೆ, ಫಾರಿನ್ನಿಂದ ಬರೋರು ಡ್ಯೂಟಿ ಫ್ರೀನಲ್ಲಿ ಒಂದು ಟಾನಿ ಪೋರ್ಟ್ ಹಿಡ್ಕೊಂಡು ಬರ್ತಾರೆ, ಹಾಗಾಗಿ ಇದನ್ನ ಬುಡದಿಂದಲೇ ಹೇಳ್ತೀನಿ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಎಂಟು ಗ್ಲಾಸ್ ಸಾಲಾಗಿಟ್ಟು "ಯಾವುದು ಚೆನ್ನಾಗಿದೆ" ಅಂತ ಕೇಳಿದಾಗ ಸಿಗೋ ಉತ್ತರದಲ್ಲಿ ವೈನಿನ ಪಾಲು ಎಷ್ಟಿರುತ್ತೋ, ಆ ಗ್ಲಾಸುಗಳನ್ನ ಹೇಗೆ ಜೋಡಿಸಿದ್ರಿ, ಯಾವಾಗ ಬಾಟ್ಲಿ ತೆಗೆದ್ರಿ, ಯಾರು ಮೊದಲು ಬಾಯಿಬಿಟ್ರು ಅನ್ನೋದರ ಪಾಲೂ ಹತ್ರತ್ರ ಅಷ್ಟೇ ಇರುತ್ತೆ. ಅದಕ್ಕೇ ಟೇಸ್ಟಿಂಗ್‌ಗೆ ಅಷ್ಟೊಂದು ರೂಲ್ಸು.

ಪೋರ್ಟ್ ಅಂದ್ರೆ ಯಾವುದು

ನಮ್ಮ ಕಡೆ ಪೋರ್ಟ್ ವೈನ್ ಅಂದ್ರೆ ಗೋವಾ ಟ್ರಿಪ್ಪಿಂದ ವಾಪಸ್ ಬರುವಾಗ ತರೋ ಸಿಹಿಯಾದ ಕೆಂಪು ವೈನ್. ಅದು ಬೇರೆ ಮಾಲು, ಸಾಮಾನ್ಯವಾಗಿ ಅಷ್ಟು ಸ್ಟ್ರಾಂಗ್ ಇರಲ್ಲ. ಇಲ್ಲಿ ಹೇಳ್ತಿರೋದು ಪೋರ್ಚುಗಲ್‌ನ ಉತ್ತರದಲ್ಲಿರೋ ಡೌರು ನದಿ ಕಣಿವೆಯದ್ದು. 1756ರಲ್ಲಿ ಮಾರ್ಕ್ವೆಸ್ ದೆ ಪೊಂಬಾಲ್ ಅನ್ನೋ ಪ್ರಧಾನಿ ಈ ಕಣಿವೆಗೆ ಗಡಿ ಹಾಕಿಸಿ, ಇದರೊಳಗೆ ಬೆಳೆದದ್ದು ಮಾತ್ರ ಪೋರ್ಟ್ ಅಂತ ಕಾನೂನು ಮಾಡಿದ, ಗಡಿಗೆ ಗ್ರಾನೈಟ್ ಕಲ್ಲು ನೆಡಿಸಿದ. ಪದರ ಪದರವಾಗಿ ಒಡೆಯೋ ಷಿಸ್ಟ್ ಬಂಡೆ, ಕಡಿದಾದ ಬೆಟ್ಟ, ಬೆಟ್ಟಕ್ಕೆ ಮೆಟ್ಟಿಲು ಕಡಿದಂಗೆ ತೋಟ, ಬೇಸಿಗೆಯಲ್ಲಿ ಕೆಂಡದಂಥ ಬಿಸಿಲು. ಟೂರಿಗಾ ನಾಸಿಯೊನಾಲ್, ಟೂರಿಗಾ ಫ್ರಾಂಕಾ, ಟಿಂಟಾ ರೊರಿಜ್ ಅನ್ನೋ ಜಾತಿ ದ್ರಾಕ್ಷಿ.

ಮಾಡೋ ವಿಧಾನದಲ್ಲಿ ಒಂದೇ ಒಂದು ತಿರುವು ಇದೆ. ದ್ರಾಕ್ಷಿ ತುಳಿದು ಅಥವಾ ಮೆಷಿನಲ್ಲಿ ಹಿಂಡಿ ಹುಳಿಯೋಕೆ ಬಿಡ್ತಾರೆ, ಈಸ್ಟು ಸಕ್ಕರೆ ತಿಂದು ಆಲ್ಕೋಹಾಲ್ ಮಾಡ್ತಾ ಹೋಗುತ್ತೆ. ಮಾಮೂಲಿ ವೈನಲ್ಲಿ ಸಕ್ಕರೆ ಪೂರ್ತಿ ಮುಗಿಯೋ ತನಕ ಬಿಡ್ತಾರೆ. ಪೋರ್ಟಲ್ಲಿ ಎರಡು ಮೂರು ದಿನಕ್ಕೇ, ಇನ್ನೂ ಅರ್ಧದಷ್ಟು ಸಕ್ಕರೆ ಉಳಿದಿರುವಾಗ್ಲೇ, 77% ಆಲ್ಕೋಹಾಲ್ ಇರೋ ದ್ರಾಕ್ಷಿ ಸ್ಪಿರಿಟ್ ಸುರಿದುಬಿಡ್ತಾರೆ, ಒಟ್ಟು ಅಳತೆಯಲ್ಲಿ ಸುಮಾರು ಐದರಲ್ಲಿ ಒಂದು ಭಾಗ. ಈಸ್ಟ್ ಅಲ್ಲೇ ಸತ್ತುಹೋಗುತ್ತೆ, ಸಿಹಿ ಹಾಗೇ ಉಳಿಯುತ್ತೆ, ಆಲ್ಕೋಹಾಲ್ 20% ಆಸುಪಾಸಿಗೆ ಏರುತ್ತೆ. ಸಿಹಿ, ದ್ರಾಕ್ಷಿ ಸಿಪ್ಪೆಯ ಒಗರು, ಸ್ಪಿರಿಟ್ಟಿನ ಖಾರ ಮೂರೂ ಒಟ್ಟಿಗೆ ಇರೋದ್ರಿಂದ ಕೆಲವು ಪೋರ್ಟ್ ಐವತ್ತು ವರ್ಷ ಆದ್ರೂ ಜೀವ ಹಿಡ್ಕೊಂಡಿರುತ್ತೆ. ಹೋಲಿಸೋದು ಕಷ್ಟ ಆಗೋದೂ ಇದೇ ಮೂರರಿಂದ.

ಮರದಲ್ಲಿ ಮಾಗಿದ್ದು, ಬಾಟ್ಲಿಯಲ್ಲಿ ಮಾಗಿದ್ದು

ಅಂಗಡಿಯ ಶೆಲ್ಫಲ್ಲಿ ಹತ್ತು ಥರ ಹೆಸರು ಕಂಡ್ರೂ ಕುಟುಂಬ ಎರಡೇ. ಒಂದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದು ಅಲ್ಲೇ ಮಾಗಿದ್ದು. ಇದು ಟಾನಿ. 550 ಲೀಟರ್ ಆಸುಪಾಸಿನ ಪೀಪಾಯಿಯ ಮರದ ಮೂಲಕ ಗಾಳಿ ಸಣ್ಣಗೆ ಒಳಗೆ ಹೋಗ್ತಾ ಇರುತ್ತೆ, ಕೆಂಪು ಬಣ್ಣ ಇಳಿದು ಕಂದು ಆಗುತ್ತೆ, ಬಾದಾಮಿ, ಒಣ ಅಂಜೂರ, ಕ್ಯಾರಮೆಲ್ ಥರದ ವಾಸನೆ ಬರುತ್ತೆ. ಲೇಬಲ್ ಮೇಲಿರೋ 10, 20, 30, 40 ವರ್ಷ ಅನ್ನೋದನ್ನ ಹುಟ್ಟಿದ ದಿನಾಂಕದ ಲೆಕ್ಕ ಅಂತ ತಿಳ್ಕೋಬೇಡಿ. ಹಳೇದು ಹೊಸದು ಬೆರೆಸಿ ಮಾಡಿದ ವೈನಿಗೆ ಆ ವಯಸ್ಸಿನ ರುಚಿ ಬಂದಿದೆ ಅಂತ ಪೋರ್ಟ್ ವೈನಿನ ಸರ್ಕಾರಿ ಸಂಸ್ಥೆಯಾದ ಐವಿಡಿಪಿಯ ರುಚಿ ನೋಡೋ ಮಂಡಳಿ ಒಪ್ಪಿರಬೇಕು, ಅಂದ್ರೆ ಬಾಟ್ಲಿ ನಿಮ್ಮ ಟೇಬಲ್ಲಿಗೆ ಬರೋ ಮುಂಚೆನೇ ಒಂದು ಗ್ರೂಪ್ ಟೇಸ್ಟಿಂಗ್ ಮುಗಿದಿರುತ್ತೆ. ಒಂದೇ ವರ್ಷದ ದ್ರಾಕ್ಷಿಯ ಟಾನಿ ಆದ್ರೆ ಅದಕ್ಕೆ ಕೊಲ್ಯೇಟಾ ಅಂತಾರೆ, ಕನಿಷ್ಠ ಏಳು ವರ್ಷ ಮರದಲ್ಲಿರಬೇಕು.

ಇನ್ನೊಂದು ಕುಟುಂಬ ರೂಬಿ. ದೊಡ್ಡ ತೊಟ್ಟಿಯಲ್ಲಿಟ್ಟು, ಗಾಳಿ ಜಾಸ್ತಿ ತಾಗದ ಹಾಗೆ ನೋಡ್ಕೊಂಡು, ಬಣ್ಣ, ಹಣ್ಣಿನ ರುಚಿ ಇರುವಾಗ್ಲೇ ಬಾಟ್ಲಿಗೆ ತುಂಬೋದು. ಮಾಮೂಲಿ ರೂಬಿ, ರಿಸರ್ವ್, ಎಲ್‌ಬಿವಿ ಅಂದ್ರೆ ಲೇಟ್ ಬಾಟಲ್ಡ್ ವಿಂಟೇಜ್, ಎಲ್ಲಕ್ಕಿಂತ ಮೇಲೆ ವಿಂಟೇಜ್. ಎಲ್‌ಬಿವಿ ಕಟಾವಾದ ನಾಲ್ಕರಿಂದ ಆರನೇ ವರ್ಷದೊಳಗೆ ಬಾಟ್ಲಿ ಸೇರುತ್ತೆ, ವಿಂಟೇಜ್ ಎರಡು ಮೂರನೇ ವರ್ಷಕ್ಕೇ ಸೇರುತ್ತೆ, ಆಮೇಲೆ ಕತ್ತಲೆಯಲ್ಲಿ ಮಲಗಿಸಿಟ್ಟು ಹದಿನೈದು ಇಪ್ಪತ್ತು ವರ್ಷ ಕಾಯಬೇಕು. ವಿಂಟೇಜ್ ಎಲ್ಲಾ ವರ್ಷ ಬರಲ್ಲ, ಬೆಳೆ ಅಷ್ಟು ಚೆನ್ನಾಗಿದೆ ಅನ್ನಿಸಿದ ವರ್ಷ ಮಾತ್ರ ಆಯಾ ಕಂಪನಿಗಳು ಡಿಕ್ಲೇರ್ ಮಾಡ್ತವೆ, ದಶಕಕ್ಕೆ ಹೆಚ್ಚುಕಡಿಮೆ ಮೂರು ಸಲ. 1963, 1970, 1977, 1994, 2000, 2011 ಇವೆಲ್ಲ ಟೇಸ್ಟಿಂಗ್ ಮಾಡೋರ ಬಾಯಲ್ಲಿ ಓಡಾಡೋ ವರ್ಷಗಳು. 2016, 2017 ಬೆನ್ನುಬೆನ್ನಿಗೆ ಡಿಕ್ಲೇರ್ ಆಗಿದ್ದು ಅಪರೂಪ ಅಂತ ಆಗ ದೊಡ್ಡ ಸುದ್ದಿ ಆಯ್ತು.

ವೈಟ್, ರೋಸೇ ಪೋರ್ಟ್ ಕೂಡ ಇದೆ, ಟಾನಿಕ್ ವಾಟರ್ ಹಾಕ್ಕೊಂಡು ಕುಡೀತಾರೆ, ಗುಂಪಲ್ಲಿ ಕೂತು ಹೋಲಿಸೋಕೆ ಯಾರೂ ಅಷ್ಟಾಗಿ ತರಲ್ಲ.

ಹಾರಿಜಾಂಟಲ್ಲೋ ವರ್ಟಿಕಲ್ಲೋ

ಹೋಲಿಕೆ ಅಂದ್ಮೇಲೆ ಒಂದನ್ನ ಬದಲಾಯಿಸಿ ಮಿಕ್ಕಿದ್ದನ್ನ ಹಾಗೇ ಇಟ್ಕೋಬೇಕು. ಒಂದು ಟಾನಿ, ಒಂದು ಎಲ್‌ಬಿವಿ, ಒಂದು 1977ರ ವಿಂಟೇಜ್ ಅಕ್ಕಪಕ್ಕ ಇಟ್ರೆ ಪಾರ್ಟಿ ಚೆನ್ನಾಗಾಗುತ್ತೆ, ಆದ್ರೆ ಅಲ್ಲಿ ಸಿಗೋ ಉತ್ತರ "ನಂಗೆ ಟಾನಿ ಇಷ್ಟ" ಅನ್ನೋದಷ್ಟೇ. ಹೊಸಬರಿಗೆ ಸ್ಟೈಲ್ ಪರಿಚಯ ಮಾಡ್ಸೋಕೆ ಅದು ಸರಿ, ಯಾವುದು ಮೇಲು ಅಂತ ತೀರ್ಪು ಕೊಡೋಕೆ ಸಾಲಲ್ಲ.

ಹಾರಿಜಾಂಟಲ್ ಅಂದ್ರೆ ವರ್ಷ ಒಂದೇ, ಕಂಪನಿ ಬೇರೆ ಬೇರೆ. 2000ದ ಟೇಲರ್ಸ್, ಫೊನ್ಸೆಕಾ, ಗ್ರಹಾಮ್ಸ್, ಡೌಸ್, ವಾರ್ಸ್ ಪಕ್ಕಪಕ್ಕ ಇಟ್ರೆ ಮಳೆ ಬಿಸಿಲು ಎಲ್ಲಾ ಹೆಚ್ಚುಕಡಿಮೆ ಒಂದೇ, ಹಾಗಾಗಿ ಕಾಣಿಸೋ ವ್ಯತ್ಯಾಸ ತೋಟದ್ದು ಮತ್ತು ಮಾಡಿದವರ ಕೈಗುಣದ್ದು. ಗ್ರಹಾಮ್ಸ್, ಡೌಸ್, ವಾರ್ಸ್ ಮೂರೂ ಈಗ ಸಿಮಿಂಗ್ಟನ್ ಅನ್ನೋ ಒಂದೇ ಮನೆತನದ ಕೈಯಲ್ಲಿವೆ, ಆದ್ರೂ ಗ್ರಹಾಮ್ಸ್ ಸಿಹಿ ಜಾಸ್ತಿ, ಡೌಸ್ ಸ್ವಲ್ಪ ಒಣ, ಅಂದ್ರೆ ಸಿಹಿ ಕಮ್ಮಿ, ಅಂತ ಗೊತ್ತಾಗುತ್ತೆ. ಡೌಸ್‌ನವರು ಸ್ಪಿರಿಟ್ ಸುರಿಯೋದು ಸ್ವಲ್ಪ ತಡ, ಅಷ್ಟರಲ್ಲಿ ಈಸ್ಟು ಇನ್ನಷ್ಟು ಸಕ್ಕರೆ ತಿಂದಿರುತ್ತೆ. ಓನರ್ ಒಬ್ಬರೇ ಆದ್ರೂ ರುಚಿ ಒಂದೇ ಆಗಿಲ್ಲ ಅನ್ನೋದನ್ನ ಇಷ್ಟು ಸ್ಪಷ್ಟವಾಗಿ ತೋರಿಸೋಕೆ ಹಾರಿಜಾಂಟಲ್ ಬಿಟ್ರೆ ಬೇರೆ ದಾರಿ ಇಲ್ಲ.

ವರ್ಟಿಕಲ್ ಅಂದ್ರೆ ಕಂಪನಿ ಒಂದೇ, ವರ್ಷ ಬೇರೆ ಬೇರೆ. ಇದರಲ್ಲಿ ವಯಸ್ಸು ಮತ್ತು ಆಯಾ ವರ್ಷದ ಹವಾಮಾನ ಎರಡೂ ಒಟ್ಟಿಗೆ ಬದಲಾಗ್ತವೆ, ಹಾಗಾಗಿ 1985 ತೆಳ್ಳಗಿದೆ ಅನ್ನಿಸಿದ್ರೆ ಅದು ವಯಸ್ಸಿಂದಲೋ ಆ ವರ್ಷದ ಬೆಳೆಯಿಂದಲೋ ಹೇಳೋದು ಕಷ್ಟ. ಅಂಕ ಹಾಕೋ ಉದ್ದೇಶ ಇದ್ರೆ ಹಾರಿಜಾಂಟಲ್ಲೇ ಸರಿ ಅಂತ ನನಗನ್ಸುತ್ತೆ, ಒಂದು ವೈನ್ ಹೇಗೆ ಮುದಿಯಾಗುತ್ತೆ ಅಂತ ನೋಡೋ ಕುತೂಹಲಕ್ಕೆ ವರ್ಟಿಕಲ್.

ಬಾಟ್ಲಿ ತೆಗೆಯೋದೇ ಅರ್ಧ ಕೆಲಸ

ವಿಂಟೇಜ್ ಪೋರ್ಟನ್ನ ಫಿಲ್ಟರ್ ಮಾಡಿರಲ್ಲ, ವರ್ಷ ಕಳೆದಂಗೆ ಬಾಟ್ಲಿಯ ಕೆಳಮೈಗೆ ದಪ್ಪ ಗಸಿ ಅಂಟ್ಕೊಳುತ್ತೆ. ಹಳೇ ಬಾಟ್ಲಿಗಳ ಮೇಲೆ ಸುಣ್ಣ ಎರಚಿದಂಗೆ ಒಂದು ಬಿಳಿ ಗುರುತು ಇರೋದು ಇದಕ್ಕೇ, ಆ ಗುರುತು ಮೇಲಕ್ಕೆ ಬರೋ ಹಾಗೆ ಮಲಗಿಸಿದ್ರೆ ಗಸಿ ಯಾವಾಗಲೂ ಎದುರು ಬದಿಯಲ್ಲೇ ಕೂರುತ್ತೆ. ಟೇಸ್ಟಿಂಗಿಗೆ ಒಂದು ದಿನ ಮುಂಚೆ ಬಾಟ್ಲಿಯನ್ನ ನೆಟ್ಟಗೆ ನಿಲ್ಲಿಸಬೇಕು, ಗಸಿ ನಿಧಾನಕ್ಕೆ ಜಾರಿ ತಳಕ್ಕೆ ಬರುತ್ತೆ. ಆಮೇಲೆ ಬಾಟ್ಲಿ ಕತ್ತಿನ ಹಿಂದೆ ಮೇಣದ ಬತ್ತಿಯೋ ಫೋನ್ ಟಾರ್ಚೋ ಇಟ್ಕೊಂಡು, ಕೈ ಅಲುಗಿಸದೆ ಒಂದೇ ಧಾರೆಯಲ್ಲಿ ಗಾಜಿನ ಜಗ್ಗಿಗೆ ಸುರೀತಾ ಹೋಗೋದು. ಬೆಳಕಲ್ಲಿ ಮೊದಲು ಹೊಗೆ ಥರ ಸಣ್ಣ ಎಳೆ ಕಾಣುತ್ತೆ, ಅದರ ಹಿಂದೆನೇ ಕಪ್ಪು ಚೂರು ಬರುತ್ತೆ, ಅಲ್ಲಿಗೆ ನಿಲ್ಲಿಸಿಬಿಡ್ಬೇಕು. ಇದೇ ಡಿಕ್ಯಾಂಟ್ ಮಾಡೋದು. ಹಾಗೆ ಸುರಿದ ಮೇಲೆ ಬಾಟ್ಲಿ ತೊಳೆದು ವೈನನ್ನ ವಾಪಸ್ ಅದಕ್ಕೇ ತುಂಬಿದ್ರೆ ಡಬಲ್ ಡಿಕ್ಯಾಂಟ್, ಬೇರೆ ಮನೆಗೆ ತಗೊಂಡು ಹೋಗೋರಿಗೆ ಇದೇ ಅನುಕೂಲ.

ಐವತ್ತು ವರ್ಷದ ಕಾರ್ಕು ಸ್ಕ್ರೂ ಹಾಕಿದ ತಕ್ಷಣ ಪುಡಿಪುಡಿ ಆಗೋದೇ ಹೆಚ್ಚು. ಅದಕ್ಕೆ ಪೋರ್ಟ್ ಇಕ್ಕಳ ಅಂತ ಒಂದು ಸಾಮಾನಿದೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕಾರ್ಕಿಗಿಂತ ಕೆಳಗೆ ಕತ್ತಿಗೆ ಸುಮಾರು ಒಂದು ನಿಮಿಷ ಹಿಡಿದು, ತೆಗೆದ ಕೂಡಲೇ ಅದೇ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿದ್ರೆ ಗಾಜು ಟಕ್ ಅಂತ ಬಳೆ ಕತ್ತರಿಸಿದಂಗೆ ಸೀಳುತ್ತೆ, ಕಾರ್ಕ್ ಸಮೇತ ಕತ್ತು ಕೈಗೆ ಬರುತ್ತೆ. ಮನೇಲಿ ಟ್ರೈ ಮಾಡೋ ಆಸೆ ಬೇಡ, ಮಾಡೋರು ಮಾಡುವಾಗ ನೋಡೋಕೆ ಮಜಾ.

ಹೋಲಿಕೆಗೆ ಇದರಲ್ಲಿ ಏನು ಮುಖ್ಯ ಅಂದ್ರೆ ಟೈಮು. ಎಳೆಯ ವಿಂಟೇಜಿಗೆ ನಾಲ್ಕೈದು ಗಂಟೆ ಗಾಳಿ ತಾಗಿದ್ರೆ ಒಗರು ಇಳಿದು ವಾಸನೆ ಬಿಚ್ಕೊಳುತ್ತೆ, ತೀರಾ ಹಳೇದಕ್ಕೆ ಒಂದೆರಡು ಗಂಟೆ ಸಾಕು, ಜಾಸ್ತಿ ಆದ್ರೆ ಸೊರಗುತ್ತೆ. ಒಬ್ಬರು ಬೆಳಿಗ್ಗೆ ಏಳಕ್ಕೆ ತೆಗೆದು, ಇನ್ನೊಬ್ಬರು ಸಂಜೆ ಕಾರಿಂದ ಇಳಿದು ಅಲ್ಲೇ ತೆಗೆದ್ರೆ ನೀವು ಹೋಲಿಸ್ತಿರೋದು ಗಾಳಿಯನ್ನೇ ಹೊರತು ವೈನನ್ನಲ್ಲ, ಹಾಗಾಗಿ ಎಲ್ಲಾ ಒಂದೇ ಹೊತ್ತಿಗೆ ತೆಗೆದಿರಬೇಕು, ಆಗದಿದ್ರೆ ಯಾವುದು ಯಾವಾಗ ತೆಗೆದಿದ್ದು ಅಂತ ಬರೆದಾದ್ರೂ ಇಟ್ಕೋಬೇಕು.

ಒಂದೇ ಹೆಸರು, ಒಂದೇ ವರ್ಷ ಇದ್ರೂ ಎರಡು ಬಾಟ್ಲಿ ಬೇರೆ ಬೇರೆ ರುಚಿ ಇರೋದು ಹಳೇ ಪೋರ್ಟಲ್ಲಿ ಮಾಮೂಲು. ಯಾವ ಗೋಡೌನಲ್ಲಿ ಎಷ್ಟು ಸೆಕೆ ಕಂಡಿದೆಯೋ ಗೊತ್ತಿಲ್ಲ. ಇದರ ಜೊತೆ ಇನ್ನೊಂದು ಕಥೆ ಇದೆ, 1970ರ ವಿಂಟೇಜ್ ತನಕ ಸುಮಾರು ಪೋರ್ಟ್ ಪೀಪಾಯಿಯಲ್ಲೇ ಇಂಗ್ಲೆಂಡಿಗೆ ಹೋಗಿ ಅಲ್ಲಿನ ವ್ಯಾಪಾರಿಗಳ ಕೈಯಲ್ಲಿ ಬಾಟ್ಲಿ ಸೇರ್ತಿತ್ತು, ಆಮೇಲಷ್ಟೇ ಪೋರ್ಚುಗಲ್ಲಲ್ಲೇ ತುಂಬಬೇಕು ಅನ್ನೋ ನಿಯಮ ಬಂತು. ಹಾಗಾಗಿ 1963ರ ಒಂದೇ ಕಂಪನಿಯ ಎರಡು ಬಾಟ್ಲಿಯನ್ನ ಎರಡು ಬೇರೆ ಅಂಗಡಿಯವರು ತುಂಬಿರಬಹುದು. ನೆಂದ ರಟ್ಟಿನ ಮುಗ್ಗಲು ವಾಸನೆ ಬಂತಂದ್ರೆ ಅದು ಕಾರ್ಕಿನ ರೋಗ, ಆ ಬಾಟ್ಲಿಯನ್ನ ಲೆಕ್ಕದಿಂದ ಹೊರಗಿಡಿ, ಕಂಪನಿಗೆ ಸೊನ್ನೆ ಹಾಕೋದು ನ್ಯಾಯ ಅಲ್ಲ.

ಬ್ಲೈಂಡ್ ಯಾಕೆ ಮಾಡ್ತಾರೆ

ಬ್ಲೈಂಡ್ ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಟೋದಲ್ಲ, ಬಾಟ್ಲಿಗೆ ಚೀಲ ಹಾಕೋದು. ಯಾವುದು ದುಬಾರಿ ಅಂತ ಗೊತ್ತಾದ ಕ್ಷಣ ನಾಲಿಗೆ ಆ ಕಡೆ ವಾಲುತ್ತೆ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಮಾಡಿ 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವೈನ್ ಶಾಸ್ತ್ರ ಓದ್ತಿದ್ದ 54 ಸ್ಟೂಡೆಂಟ್ಸಿಗೆ ವೈಟ್ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ರು, ಅವ್ರು ರೆಡ್ ವೈನಿಗೆ ಬಳಸೋ ಪದಗಳಲ್ಲೇ ಅದನ್ನ ವರ್ಣಿಸಿದ್ರು. ಕಲಿತವರ ಮೂಗೇ ಕಣ್ಣಿನ ಮಾತು ಕೇಳ್ತು ಅಂದ್ಮೇಲೆ ಲೇಬಲ್ ಮಾತು ಕೇಳದೆ ಇರುತ್ತಾ?

ಚೀಲ ಹಾಕೋದರಲ್ಲೂ ಒಂದು ಸೂಕ್ಷ್ಮ ಇದೆ. ಚೀಲ ಹಾಕಿದವರಿಗೆ ಯಾವುದು ಎಲ್ಲಿದೆ ಗೊತ್ತಿರುತ್ತೆ, ಹಾಗಾಗಿ ಒಬ್ಬರು ಚೀಲ ಹಾಕಿ ಹೊರಗೆ ಹೋಗಬೇಕು, ಇನ್ನೊಬ್ಬರು ಬಂದು ಕಲೆಸಿ ನಂಬರ್ ಅಂಟಿಸಬೇಕು. ಆಗ ಇಬ್ಬರಿಗೂ ಗೊತ್ತಿರಲ್ಲ. ಬಾಟ್ಲಿ ಆಕಾರ ಬೇರೆ ಬೇರೆ ಇದ್ರೆ ಚೀಲದ ಹೊರಗೂ ಗುರುತು ಸಿಗುತ್ತೆ, ಒಂದೇ ಥರದ ಜಗ್ಗಿಗೆ ಸುರಿದಿಟ್ರೆ ಆ ತಲೆನೋವೂ ಇಲ್ಲ.

ಇನ್ನೊಂದು, ಬಾಯಿ ಮುಚ್ಕೊಂಡಿರೋದು. ಯಾರೋ ಒಬ್ರು "ನಾಲ್ಕನೇದರಲ್ಲಿ ಚಾಕೊಲೇಟ್ ಬರ್ತಿದೆ ಅಲ್ವಾ" ಅಂದ್ರೆ ಮುಂದಿನ ಐದು ನಿಮಿಷದಲ್ಲಿ ಎಲ್ಲರಿಗೂ ಚಾಕೊಲೇಟ್ ಬರೋಕೆ ಶುರುವಾಗುತ್ತೆ. ಎಲ್ಲರೂ ಬರೆದು ಪೆನ್ ಕೆಳಗಿಡೋ ತನಕ ಮಾತಿಲ್ಲ ಅನ್ನೋ ರೂಲ್ ಬೋರ್ ಅನ್ಸಿದ್ರೂ ಇಡೀ ಸಂಜೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರೋ ರೂಲ್ ಅದೇ.

ಈ ಗುರುತಿಸೋ ಆಟಕ್ಕೆ ಹಳೇ ಮನೆ ಒಂದಿದೆ. ಪೋರ್ಟೋ ಊರಲ್ಲಿ 1790ರಲ್ಲಿ ಮುಗಿದ ಫ್ಯಾಕ್ಟರಿ ಹೌಸ್ ಅನ್ನೋ ಕಲ್ಲಿನ ಕಟ್ಟಡ, ಅಲ್ಲಿನ ಬ್ರಿಟಿಷ್ ಪೋರ್ಟ್ ವ್ಯಾಪಾರಿಗಳದ್ದು. ಬುಧವಾರ ಊಟಕ್ಕೆ ಸೇರೋದು ಅವರ ಪದ್ಧತಿ. ಊಟ ಮುಗಿದ ಮೇಲೆ ಒಂದು ವಿಂಟೇಜ್ ಪೋರ್ಟ್ ಹೆಸರು ಹೇಳದೆ ಬರುತ್ತೆ, ಯಾವ ವರ್ಷ, ಯಾವ ಕಂಪನಿ ಅಂತ ಊಹಿಸ್ಬೇಕು. ಊಟದ ಕೋಣೆ ಪಕ್ಕದಲ್ಲೇ ಅದೇ ಥರದ ಇನ್ನೊಂದು ಕೋಣೆ ಕಟ್ಟಿದ್ದಾರೆ, ದೊಡ್ಡ ಔತಣ ಇದ್ದಾಗ ಎಲ್ಲರೂ ಎದ್ದು ಅಲ್ಲಿಗೆ ಹೋಗಿ ಪೋರ್ಟ್ ಕುಡೀತಾರೆ, ಊಟದ ವಾಸನೆ ಅಡ್ಡ ಬರಬಾರದು ಅಂತ. ನಮ್ಮ ಮನೆಗಳಲ್ಲಿ ಎರಡನೇ ಡೈನಿಂಗ್ ಹಾಲ್ ಎಲ್ಲಿಂದ ತರೋದು, ಅವತ್ತು ಒಗ್ಗರಣೆ ಹಾಕದೆ, ಅಗರಬತ್ತಿ ಹಚ್ಚದೆ, ಸೆಂಟ್ ಹೊಡ್ಕೊಂಡು ಬರದೆ ಇದ್ರೆ ಅಷ್ಟೇ ಸಾಕು.

ಎಷ್ಟು ಸುರಿಯೋದು, ಯಾವ ಸಾಲಲ್ಲಿ

750 ಎಂಎಲ್ ಬಾಟ್ಲಿಯಲ್ಲಿ ಗಸಿ ಬಿಟ್ಟು 50 ಎಂಎಲ್ ಥರ ಹದಿನಾಲ್ಕು ಜನಕ್ಕೆ ಬರುತ್ತೆ. ಎಂಟು ವೈನ್ ಅಂದ್ರೆ ಒಬ್ಬೊಬ್ಬರಿಗೆ 400 ಎಂಎಲ್. 20% ಲೆಕ್ಕದಲ್ಲಿ ಅದು 80 ಎಂಎಲ್ ಶುದ್ಧ ಆಲ್ಕೋಹಾಲ್, ವಿಸ್ಕಿ ಲೆಕ್ಕಕ್ಕೆ ತಂದ್ರೆ ಆರು ಸ್ಮಾಲ್ ಪೆಗ್. ಸಿಹಿ ಇರೋದ್ರಿಂದ ಗೊತ್ತೇ ಆಗದೆ ಒಳಗೆ ಹೋಗುತ್ತೆ. ಅದಕ್ಕೇ ಪ್ರತಿಯೊಬ್ಬರ ಪಕ್ಕ ಒಂದು ಉಗುಳೋ ಕಪ್ ಇಡ್ತಾರೆ, ಅದು ಅಸಹ್ಯ ಅಂತ ಅನ್ಕೊಂಡವರ ಏಳನೇ ಎಂಟನೇ ಗ್ಲಾಸಿನ ಅಂಕಕ್ಕೆ ಬೆಲೆ ಇಲ್ಲ. ಸುರಿಯೋದನ್ನ 25 ಎಂಎಲ್‌ಗೆ ಇಳಿಸಿದ್ರೂ ರುಚಿ ನೋಡೋಕೆ ಏನೂ ಕಮ್ಮಿ ಆಗಲ್ಲ.

ಸಾಲಿನ ವಿಷಯ ಇನ್ನೂ ಮುಖ್ಯ. ಮೈಸೂರು ಪಾಕ್ ತಿಂದು ಕಾಫಿ ಕುಡಿದ್ರೆ ಸಕ್ಕರೆ ಹಾಕಿದ್ದೇ ಸುಳ್ಳು ಅನ್ಸುತ್ತಲ್ಲ, ಅದೇ ಥರ ಜಾಸ್ತಿ ಸಿಹಿಯ ಪೋರ್ಟ್ ಆದಮೇಲೆ ಬರೋ ಒಣ ಪೋರ್ಟ್ ಪಾಪ ಹುಳಿ ಹುಳಿಯಾಗಿ, ಬಡಕಲಾಗಿ ಕಾಣುತ್ತೆ, ತಪ್ಪು ಅದರದ್ದಲ್ಲ. ಗಟ್ಟಿ ಒಗರಿನ ಎಳೆಯ ವಿಂಟೇಜ್ ಮೊದಲು ಕುಡಿದ್ರೆ ನಾಲಿಗೆ ಜಡ್ಡುಗಟ್ಟಿ ಹಿಂದೆ ಬರೋ ನಲವತ್ತು ವರ್ಷದ ನಾಜೂಕಿನ ವೈನ್ ನೀರಾಗುತ್ತೆ. ಹಾಗಾಗಿ ವರ್ಟಿಕಲ್ಲಲ್ಲಿ ಹಳೇದರಿಂದ ಎಳೇದಕ್ಕೆ ಬರೋರು ತುಂಬಾ ಜನ, ಉಲ್ಟಾ ಹೋಗೋ ಗುಂಪುಗಳೂ ಇವೆ. ಹಾರಿಜಾಂಟಲ್ಲಲ್ಲಿ ಸುಲಭ ದಾರಿ ಅಂದ್ರೆ ಎಲ್ಲರೂ ಒಂದನೇ ನಂಬರಿಂದ ಶುರು ಮಾಡೋದು ಬೇಡ, ಒಬ್ಬರು ಒಂದರಿಂದ, ಇನ್ನೊಬ್ಬರು ಐದರಿಂದ, ಮತ್ತೊಬ್ಬರು ಎಂಟರಿಂದ ಹಿಂದಕ್ಕೆ, ಆಗ ಸಾಲಿನ ಪ್ರಭಾವ ಎಲ್ಲಾ ವೈನಿಗೂ ಹಂಚಿಹೋಗುತ್ತೆ. ಬಾಯಿ ಹದ ಮಾಡ್ಕೊಳೋಕೆ ಅಂಕ ಇಲ್ಲದ ಒಂದು ಮಾಮೂಲಿ ರೂಬಿ ಮೊದಲು ಕೊಡೋದೂ ಒಳ್ಳೇದು.

ಗ್ಲಾಸು ಎಲ್ಲರಿಗೂ ಒಂದೇ ಅಳತೆಯದ್ದು ಇರ್ಲಿ. ವಿಂಟೇಜ್ 16ರಿಂದ 18 ಡಿಗ್ರಿ ಇದ್ರೆ ಚೆಂದ, ಟಾನಿ ಇನ್ನೂ ಸ್ವಲ್ಪ ತಣ್ಣಗೆ. ರೂಮ್ ಟೆಂಪರೇಚರ್ ಅಂತ ಬರೆದಿರೋದು ಇಂಗ್ಲೆಂಡಿನ ರೂಮಿಗೆ, ಏಪ್ರಿಲ್ ತಿಂಗಳ ಬೆಂಗಳೂರಿನ ರೂಮಿಗಲ್ಲ, ಇಲ್ಲಿ ಹಾಗೇ ಕೊಟ್ರೆ ಸ್ಪಿರಿಟ್ ಮೂಗಿಗೆ ಹೊಡೆದು ಮಿಕ್ಕಿದ್ದೇನೂ ಗೊತ್ತಾಗಲ್ಲ. ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ.

ಅಂಕ ಹಾಕೋದು, ಕೂಡೋದು

ನೂರಕ್ಕೆ ಅಂಕ ಕೊಡೋದು ವೈನ್ ಪ್ರಪಂಚದಲ್ಲಿ ಫೇಮಸ್ಸು, ಗುಂಪಲ್ಲಿ ಅದು ಎಡವಟ್ಟಾಗುತ್ತೆ. ಒಬ್ಬರು 80ರಿಂದ 96ರ ತನಕ ಹರಡಿ ಕೊಡ್ತಾರೆ, ಇನ್ನೊಬ್ಬರು ಎಲ್ಲಕ್ಕೂ 90, 91, 92. ಆವರೇಜ್ ತೆಗೆದ್ರೆ ಮೊದಲನೆಯವರ ಅಭಿಪ್ರಾಯವೇ ರಿಸಲ್ಟ್ ಆಗುತ್ತೆ, ಎರಡನೆಯವರು ಬಂದಿದ್ದೂ ಒಂದೇ ಬರದಿದ್ದೂ ಒಂದೇ. ಅದಕ್ಕೆ ಸುಮಾರು ಗುಂಪುಗಳು ಅಂಕ ಬಿಟ್ಟು ರ‍್ಯಾಂಕ್ ಕೇಳ್ತವೆ. ನಿಮ್ಮ ಫಸ್ಟಿಗೆ ಮೂರು ಪಾಯಿಂಟ್, ಸೆಕೆಂಡಿಗೆ ಎರಡು, ಥರ್ಡಿಗೆ ಒಂದು, ಕೂಡಿ.

ಇದರಲ್ಲೂ ತಮಾಷೆ ಇದೆ. ಎಂಟು ಜನ ಇದ್ದಾರೆ ಅನ್ಕೊಳಿ. ಮೂರನೇ ಬಾಟ್ಲಿಗೆ ನಾಲ್ಕು ಜನ ಫಸ್ಟ್ ಕೊಟ್ರು, ಉಳಿದ ನಾಲ್ವರು ಅದನ್ನ ಮೂಸಿನೂ ನೋಡ್ಲಿಲ್ಲ ಅನ್ನೋ ಹಾಗೆ ಏನೂ ಕೊಡ್ಲಿಲ್ಲ, ಹನ್ನೆರಡು ಪಾಯಿಂಟ್. ಆರನೇ ಬಾಟ್ಲಿಗೆ ಎಂಟೂ ಜನ ಸೆಕೆಂಡ್ ಕೊಟ್ರು, ಹದಿನಾರು. ಗೆದ್ದಿದ್ದು ಯಾರೂ ಫಸ್ಟ್ ಅಂತ ಹೇಳದ ವೈನ್. ಇದು ತಪ್ಪು ಲೆಕ್ಕ ಅಲ್ಲ, ಯಾರಿಗೂ ಬೇಸರ ಆಗದ ವೈನ್ ಆರನೇದು, ಜಗಳ ಹಚ್ಚೋ ವೈನ್ ಮೂರನೇದು, ಎರಡೂ ಮಾಹಿತಿನೇ. ಬರೀ ಟೋಟಲ್ ಹೇಳಿದ್ರೆ ಆ ಜಗಳ ಕಾಣಲ್ಲ, ಆದ್ದರಿಂದ ಎಷ್ಟು ಜನ ಫಸ್ಟ್ ಕೊಟ್ರು, ಎಷ್ಟು ಜನ ಸೊನ್ನೆ ಅಂತ ಪಕ್ಕದಲ್ಲೇ ಬರೀಬೇಕು.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಯಾರಿಗೂ ಹೇಳದೆ ಒಂದೇ ವೈನನ್ನ ಎರಡು ನಂಬರಲ್ಲಿ ಸುರಿಯೋದು, ಎರಡನೇ ನಂಬರಲ್ಲೂ ಅದೇ ಇರುತ್ತೆ, ಏಳನೇದರಲ್ಲೂ ಅದೇ. ಆ ಎರಡಕ್ಕೆ ಗುಂಪು ಕೊಟ್ಟ ಪಾಯಿಂಟಲ್ಲಿ ಐದರ ವ್ಯತ್ಯಾಸ ಬಂತು ಅನ್ಕೊಳಿ, ಆಗ ಈ ಗುಂಪಿನ ಅಳತೆಗೋಲು ಐದು ಪಾಯಿಂಟಷ್ಟು ಅಲ್ಲಾಡುತ್ತೆ ಅಂತಾಯ್ತು, ಮೊದಲನೇ ಮತ್ತು ಎರಡನೇ ಸ್ಥಾನದ ನಡುವೆ ಮೂರು ಪಾಯಿಂಟ್ ಅಂತರ ಇದ್ರೆ ಅದರ ಮೇಲೆ ವಾದ ಮಾಡೋದರಲ್ಲಿ ಅರ್ಥ ಇಲ್ಲ. ಚೀಲ ತೆಗೆದು ತೋರಿಸಿದಾಗ ಎಕ್ಸ್‌ಪರ್ಟ್ ಅನ್ನಿಸ್ಕೊಂಡವರು ಸ್ವಲ್ಪ ಮುಖ ಹುಳ್ಳಗೆ ಮಾಡ್ಕೊತಾರೆ, ಮಾಡ್ಕೊಳ್ಲಿ.

ಮಿಕ್ಕಿದ್ದನ್ನ ಏನ್ಮಾಡೋದು

ಉಳಿದ ವೈನ್ ಚೆಲ್ಲಬೇಡಿ, ನಂಬರ್ ಹಾಕಿ ಕಾರ್ಕ್ ಮುಚ್ಚಿ ಫ್ರಿಜ್ಜಲ್ಲಿಡಿ. ಎಳೆಯ ವಿಂಟೇಜ್ ಮಾರನೇ ದಿನ ಇನ್ನೂ ಚೆನ್ನಾಗಿರೋದುಂಟು, ಹಿಂದಿನ ರಾತ್ರಿ ಕೊನೇ ಸ್ಥಾನ ಬಂದದ್ದು ಒಗರು ಇಳಿಸ್ಕೊಂಡು ಮೇಲೆ ಬರುತ್ತೆ, ಆ ಎರಡನೇ ಸುತ್ತಿನ ಅಂಕವನ್ನೂ ಅದೇ ಶೀಟಲ್ಲಿ ಬರೆದಿಡೋ ಗುಂಪುಗಳಿವೆ. ಎಲ್‌ಬಿವಿ ಒಂದು ವಾರದ ಮೇಲೂ ತಡ್ಕೊಳುತ್ತೆ. ಟಾನಿ ಮರದಲ್ಲಿದ್ದಾಗ್ಲೇ ಗಾಳಿ ಕಂಡಿರೋದ್ರಿಂದ ಕೆಲವು ವಾರ ಆರಾಮಾಗಿರುತ್ತೆ, ಡ್ಯೂಟಿ ಫ್ರೀನಲ್ಲಿ ಒಂದೇ ಬಾಟ್ಲಿ ತಗೊಂಡು ನಿಧಾನಕ್ಕೆ ಕುಡಿಯೋರಿಗೆ ಅದೇ ಸರಿ. ಹಳೇ ವಿಂಟೇಜ್ ಮಾತ್ರ, 1963ರದ್ದೋ 1970ರದ್ದೋ ಆದ್ರೆ, ಅವತ್ತು ರಾತ್ರಿನೇ ಮುಗಿಸಿಬಿಡಿ.